ಕೋಟೆಯಿಂದ ಕಡತಕ್ಕೆ: ನಂದಿ ಸೀಮೆಯ ಭೂ ಒಡೆತನದ ಕಥೆ

ಮೂರು ವಾರಗಳ ಮುತ್ತಿಗೆಯ ನಂತರ, 1791ರ ಅಕ್ಟೋಬರ್ 19ರಂದು ನಂದಿದುರ್ಗ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ಪಾಲಾಯಿತು. ಆ ದಂಡಯಾತ್ರೆಯನ್ನು ನಡೆಸುತ್ತಿದ್ದವನು ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಮುದ್ದೇನಹಳ್ಳಿಯೂ ಸೇರಿದಂತೆ ಬೆಟ್ಟದ ಸುತ್ತಣ ಊರುಗಳ ನೆಲ ಯಾರದು ಎಂಬ ಪ್ರಶ್ನೆ ಅಂದು ಮತ್ತೊಮ್ಮೆ ಎದ್ದಿತು. ಇದೇ ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದಲ್ಲಿ ಶಾಶ್ವತ ಜಮೀನ್ದಾರಿ ಪದ್ಧತಿಯನ್ನು ಜಾರಿಗೆ ತಂದ. 1798ರಲ್ಲಿ ಐರ್ಲೆಂಡಿಗೆ ರಾಜಪ್ರತಿನಿಧಿಯಾಗಿ ಹೋಗಿ ಅಲ್ಲಿನ ದಂಗೆಯನ್ನು ಅಡಗಿಸಿದ. ಆ ದೇಶವನ್ನು ಬ್ರಿಟನ್ನಿನೊಂದಿಗೆ ಸೇರಿಸುವ ಕಾನೂನನ್ನು ಡಬ್ಲಿನ್ ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿದ. 1799ರಲ್ಲಿ ಶ್ರೀರಂಗಪಟ್ಟಣವನ್ನು ಕೆಡವಿದ ಸೇನೆಯ ಹಿಂದಿದ್ದ ವೆಲ್ಲೆಸ್ಲಿ ಸೋದರರಂತೂ ಐರ್ಲೆಂಡಿನ ಮೀತ್ ಕೌಂಟಿಯಲ್ಲಿ ಡಂಗನ್ ಎಸ್ಟೇಟು ಹೊಂದಿದ್ದ ಜಮೀನುದಾರ ಮನೆತನದ ಮಕ್ಕಳೇ. ಎರಡೂ ನಾಡುಗಳ ಭೂಮಿಯ ಹಣೆಬರಹದಲ್ಲಿ ಕೈಯಾಡಿಸಿದವರು ಹೀಗೆ ಒಂದೇ ಗುಂಪಿನವರು. ಆದರೆ ಐರ್ಲೆಂಡಿನಲ್ಲಿ ಜಮೀನುದಾರ ಮನೆತನಗಳು ಆ ಬಳಿಕವೂ ನೂರು ವರ್ಷಕ್ಕೂ ಮೇಲ್ಪಟ್ಟು ಮೆರೆದವು. ಸಾವಿರಾರು ಎಕರೆಗಳ ನಡುವೆ ಕಲ್ಲಿನ ದೊಡ್ಡಮನೆ, ಅದರ ಸುತ್ತ ಎತ್ತರದ ಗೋಡೆ, ಗೇಟಿನಾಚೆ ಗೇಣಿದಾರರ ಗುಡಿಸಲು ಇವೇ ಅಲ್ಲಿನ ಹಳ್ಳಿಗಾಡಿನ ಚಿತ್ರವಾಗಿದ್ದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಅಂಥ ಒಂದು ದೊಡ್ಡಮನೆಯೂ ಕಾಣುವುದಿಲ್ಲ. ಏಕೆ ಎಂದು ಕೇಳಿದರೆ ನಮ್ಮ ಸೀಮೆಯ ಇತಿಹಾಸದಲ್ಲಿ ಇನ್ನೂ ಬರೆಯದೆ ಉಳಿದಿರುವ ಅಧ್ಯಾಯ ತೆರೆದುಕೊಳ್ಳುತ್ತದೆ.

ಐರ್ಲೆಂಡಿನ ಕಥೆಯನ್ನು ಮೊದಲು ನೋಡೋಣ. ಅಲ್ಲಿನ ದೊಡ್ಡ ಎಸ್ಟೇಟುಗಳು ಹೆಚ್ಚಾಗಿ ಗೆದ್ದವರು ಕಿತ್ತುಕೊಂಡ ನೆಲದ ಮೇಲೆ ಎದ್ದವು. 1609ರಿಂದ ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ಇಂಗ್ಲೆಂಡ್, ಸ್ಕಾಟ್‌ಲೆಂಡ್‌ಗಳಿಂದ ಪ್ರಾಟೆಸ್ಟೆಂಟ್ ಕುಟುಂಬಗಳನ್ನು ತಂದು ನೆಲೆಗೊಳಿಸಿದರು. 1650ರ ದಶಕದಲ್ಲಿ ಕ್ರಾಮ್‌ವೆಲ್ಲನ ವಿಜಯದ ನಂತರ ಕ್ಯಾಥೊಲಿಕ್ ಒಡೆಯರ ಜಮೀನನ್ನು ಮುಟ್ಟುಗೋಲು ಹಾಕಿ, ಸೈನಿಕರಿಗೂ ಯುದ್ಧಕ್ಕೆ ಸಾಲ ಕೊಟ್ಟವರಿಗೂ ಹಂಚಿದರು. ಬಿಡಿ ಬಿಡಿಯಾಗಿ ಉಳಿದಿದ್ದ ಕ್ಯಾಥೊಲಿಕ್ ಮನೆತನಗಳನ್ನು ಮುರಿಯಲು 1704ರಲ್ಲಿ ಬಂದ ಕಾನೂನು ಬಹಳ ಲೆಕ್ಕಾಚಾರದ್ದು. ಪ್ರಾಟೆಸ್ಟೆಂಟ್ ಮನೆತನದ ಆಸ್ತಿ ಹಿರಿಯ ಮಗನಿಗೆ ಇಡಿಯಾಗಿ ಹೋಗಬಹುದಿತ್ತು. ಕ್ಯಾಥೊಲಿಕ್ ಒಡೆಯ ಸತ್ತರೆ ಆಸ್ತಿ ಎಲ್ಲ ಗಂಡುಮಕ್ಕಳಿಗೂ ಸಮನಾಗಿ ಹಂಚಿಹೋಗಬೇಕು. ಹಿರಿಯ ಮಗ ಮತ ಬದಲಿಸಿದರೆ ಮಾತ್ರ ಪೂರ್ತಿ ಅವನದು. ಆಸ್ತಿ ಹಂಚುತ್ತಾ ಹೋದರೆ ಮನೆತನದ ಬಲ ಎರಡು ಮೂರು ತಲೆಮಾರಿನಲ್ಲಿ ಕರಗುತ್ತದೆ ಎಂಬುದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಬೇಕು, ನಮ್ಮ ಕಥೆಗೂ ಇದು ಬೇಕಾಗುತ್ತದೆ. 1870ರ ದಶಕದ ಹೊತ್ತಿಗೆ ಸುಮಾರು 800 ಒಡೆಯರ ಕೈಯಲ್ಲಿ ಐರ್ಲೆಂಡಿನ ಅರ್ಧದಷ್ಟು ನೆಲವಿತ್ತು. ಹಲವರು ವಾಸವಿದ್ದುದು ಲಂಡನ್ನಿನಲ್ಲಿ. ಗೇಣಿ ವಸೂಲಿ ಏಜೆಂಟರದು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಗೇಣಿ ಬಾಕಿಗಾಗಿ ಮನೆಯ ಮಾಡು ಕಿತ್ತು ಸಂಸಾರಗಳನ್ನು ಬೀದಿಗೆ ಹಾಕಿದ್ದೂ ಆ ವರ್ಷಗಳಲ್ಲೇ.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿನ ದೊಡ್ಡ ಭೂ ಒಡೆಯರೂ ಹೊರಗಿನಿಂದ ಬಂದವರೇ, ಆದರೆ ಬಂದ ಬಗೆ ಬೇರೆ. 15ನೇ ಶತಮಾನದಲ್ಲಿ ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ಮೊರಸು ಒಕ್ಕಲಿನ ಕುಟುಂಬಗಳು ನಂದಿಗೆ ಪೂರ್ವದಲ್ಲಿರುವ ಬೆಟ್ಟದ ಬುಡದ ಆವತಿಯಲ್ಲಿ ನೆಲೆಯಾದವು. ಮಗಳನ್ನು ಮದುವೆ ಮಾಡಿಕೊಡೆಂದು ಬಲಾಢ್ಯನೊಬ್ಬ ಒತ್ತಾಯಿಸಿದ್ದರಿಂದ ಊರು ಬಿಟ್ಟರೆಂದು ಐತಿಹ್ಯ. ಮುಖಂಡ ರಣಭೈರೇಗೌಡ. ಅವನ ಮಗ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದ. ಚಿಕ್ಕಬಳ್ಳಾಪುರವೂ ದೊಡ್ಡಬಳ್ಳಾಪುರವೂ ಇದೇ ಬಳ್ಳಿಯ ಕವಲುಗಳು. ಯಲಹಂಕದ ಪ್ರಭುಗಳೂ ಕೋಲಾರದ ಕಡೆಯ ಸುಗಟೂರಿನ ಗೌಡರೂ ಇದೇ ಗುಂಪಿನಿಂದ ಕವಲೊಡೆದವರೆಂದು ಪರಂಪರೆ ಹೇಳುತ್ತದೆ. ವಿಜಯನಗರದ ಅರಸರಿಗೆ ಕಾಣಿಕೆ ಒಪ್ಪಿಸಿ ಇವರು ನಾಡನ್ನು ಆಳಿದರು. ಇವರಾರೂ ದೇವಲೋಕದಿಂದ ಇಳಿದ ಧರ್ಮಪ್ರಭುಗಳಲ್ಲ. ಕೈಯಲ್ಲಿ ಕತ್ತಿ ಇತ್ತು, ವಸೂಲಿಯಲ್ಲಿ ಕಾಠಿಣ್ಯವಿತ್ತು, ನೆರೆಯ ಪಾಳೆಯಪಟ್ಟಿನ ಮೇಲೆ ನುಗ್ಗುವ ಅಭ್ಯಾಸವಿತ್ತು. ಆದರೂ ಐರಿಷ್ ಒಡೆಯರಿಗಿಂತ ಒಂದು ಮುಖ್ಯ ವ್ಯತ್ಯಾಸವಿದೆ. ಉಳುವವನ ದೇವರು ಬೇರೆ, ಒಡೆಯನ ದೇವರು ಬೇರೆ, ಮಾತೂ ಬೇರೆ ಎಂಬ ಸ್ಥಿತಿ ಇಲ್ಲಿ ಇರಲಿಲ್ಲ. ಒಡೆಯ ತಾನೇ ಒಕ್ಕಲಿನ ಕುಲದವನಾಗಿದ್ದ.

ಜೊತೆಗೆ ಈ ನೆಲದ ಸ್ವಭಾವವೇ ಒಡೆಯನ ಮೇಲೆ ಒಂದು ಹೊಣೆ ಹೊರಿಸಿತ್ತು. ನಂದಿ ಬೆಟ್ಟಸಾಲಿನಲ್ಲಿ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ನೀರು ಇಲ್ಲಿಗೆ ದಕ್ಕುವುದಿಲ್ಲ. ಮಳೆ ಬಿದ್ದಾಗ ಹಿಡಿದಿಡದಿದ್ದರೆ ತರಿ ಜಮೀನೇ ಇಲ್ಲ, ತರಿ ಇಲ್ಲದಿದ್ದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಒಡೆಯನ ಪಾಲೂ ಇಲ್ಲ. ಹೀಗಾಗಿ ಪಾಳೆಯಗಾರನ ಬಂಡವಾಳ ಕೋಟೆಯ ಜೊತೆಗೆ ಕೆರೆಗೂ ಹೋಯಿತು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದುದು ಹಲವು ಶತಮಾನಗಳ, ಹಲವು ಕೈಗಳ ಕೆಲಸ. ಗುಡಿಬಂಡೆಯ ಭೈರಸಾಗರದಂಥವು ಇಂದಿಗೂ ಪಾಳೆಯಗಾರರ ಹೆಸರು ಹೊತ್ತು ನಿಂತಿವೆ. ಕೆರೆ ಕಟ್ಟಿಸಿದವನಿಗೆ, ಕಟ್ಟೆ ಕಾಯ್ದವನಿಗೆ ಜಮೀನು ಬಿಟ್ಟುಕೊಡುವ ಕಟ್ಟುಕೊಡಗೆ, ಯುದ್ಧದಲ್ಲಿ ಮಡಿದವನ ಮನೆಗೆ ಕೊಡುವ ನೆತ್ತರುಗೊಡಗೆ ಇವು ಶಾಸನಗಳಲ್ಲಿ ಸಿಗುತ್ತವೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದನ್ನು ಓದಿದರೆ ಈ ನಾಡಿನಲ್ಲಿ ಜಮೀನು ಎಂಬುದು ಒಬ್ಬನ ಸ್ವತ್ತಾಗುವುದಕ್ಕಿಂತ ಹೆಚ್ಚಾಗಿ ಯಾವುದೋ ಒಂದು ಸೇವೆಗೆ ಗಂಟುಬಿದ್ದ ಹಕ್ಕಾಗಿತ್ತು ಎಂಬುದು ತಿಳಿಯುತ್ತದೆ. ಸೇವೆ ಎಂದರೆ ಎಲ್ಲವೂ ಸರಿಯಿತ್ತು ಎಂದಲ್ಲ. ಕೆರೆಯ ತೂಬು ಎತ್ತುವ ನೀರಗಂಟಿಗೂ ಊರ ಕೆಲಸಕ್ಕೆ ಓಡಾಡುವ ತೋಟಿಗೂ ಸಿಕ್ಕಿದ್ದು ತುಂಡು ಜಮೀನು, ಅದರ ಜೊತೆಗೆ ಬಿಡಿಸಿಕೊಳ್ಳಲಾಗದ ಜಾತಿಯ ಕಟ್ಟು.

ಈ ಮನೆತನಗಳು ಬಿದ್ದದ್ದು 18ನೇ ಶತಮಾನದಲ್ಲಿ, ಒಂದರ ಹಿಂದೊಂದು. 1749ರಲ್ಲಿ ಮೈಸೂರಿನ ಸೇನೆ ದೇವನಹಳ್ಳಿಯನ್ನು ಗೆದ್ದಿತು. ಹೈದರಾಲಿ ಮೊದಲು ಹೆಸರು ಮಾಡಿದ್ದೇ ಆ ಮುತ್ತಿಗೆಯಲ್ಲಿ. 1762ರ ಸುಮಾರಿಗೆ ಅದೇ ಹೈದರ್ ಚಿಕ್ಕಬಳ್ಳಾಪುರವನ್ನು ಮುತ್ತಿದ. ಅಲ್ಲಿನ ಚಿಕ್ಕಪ್ಪಗೌಡ ಹಣ ಕೊಡಲು ಒಪ್ಪಿ, ಮುತ್ತಿಗೆ ತೆರವಾದ ಮೇಲೆ ಗುತ್ತಿಯ ಮುರಾರಿರಾಯನ ನೆರವು ಪಡೆದು ಮಾತು ತಪ್ಪಿದ. ಹೈದರ್ ಮರಳಿ ಬಂದು ಊರನ್ನೂ ನಂದಿಯನ್ನೂ ಹಿಡಿದು ಗೌಡನನ್ನು ಸೆರೆಗೆ ಕಳಿಸಿದ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಇದೇ ಮನೆತನದ ನಾರಾಯಣಗೌಡನನ್ನು ಚಿಕ್ಕಬಳ್ಳಾಪುರದಲ್ಲಿ ಮತ್ತೆ ಕೂರಿಸಿದ, ಟಿಪ್ಪು ಮತ್ತೆ ಕಿತ್ತುಕೊಂಡ, 1792ರ ಒಪ್ಪಂದದಲ್ಲಿ ಊರು ಟಿಪ್ಪುವಿಗೇ ಉಳಿಯಿತು. 1799ರ ನಂತರ ರಾಜ್ಯ ಒಡೆಯರ್ ಮನೆತನಕ್ಕೆ ಬಂದಾಗ ದಿವಾನ್ ಪೂರ್ಣಯ್ಯನವರ ಆಡಳಿತವೂ ಈ ಪಾಳೆಯಪಟ್ಟುಗಳಿಗೆ ಜೀವ ತುಂಬಲಿಲ್ಲ. ಕಂದಾಯ ರೈತನಿಂದ ನೇರವಾಗಿ ಸರ್ಕಾರದ ಬೊಕ್ಕಸಕ್ಕೆ ಹೋಗಬೇಕು, ನಡುವೆ ಕೋಟೆ ಕಟ್ಟಿಕೊಂಡು ಕೂತವನು ಇರಕೂಡದು ಎಂಬ ವಿಚಾರದಲ್ಲಿ ಹೈದರ್, ಟಿಪ್ಪು, ಪೂರ್ಣಯ್ಯ ಮೂವರೂ ಒಂದೇ ದಾರಿ ಹಿಡಿದಿದ್ದರು.

ಇದು ರಾಜಕೀಯ ತೀರ್ಮಾನದ ಫಲ, ಈ ನೆಲದ ಗುಣದಿಂದ ಆದದ್ದಲ್ಲ ಎನ್ನಲು ಒಂದು ಗಟ್ಟಿ ಸಾಕ್ಷಿ ಗಡಿಯಾಚೆಗೇ ಇದೆ. ಚಿಂತಾಮಣಿ, ಶ್ರೀನಿವಾಸಪುರಗಳ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಪುಂಗನೂರು. ಅಲ್ಲಿನ ಒಡೆಯರು ಸುಗಟೂರಿನ ಗೌಡರಿಂದಲೇ ಬಂದ ವಂಶವೆಂದು ಹೇಳಿಕೊಂಡವರು, ಚಿಕ್ಕರಾಯ ಎಂಬ ಬಿರುದು ಇಟ್ಟುಕೊಂಡವರು. ಅವರ ನೆಲ ಮೈಸೂರಿಗೆ ಸೇರದೆ ಕಂಪನಿಯ ಮದ್ರಾಸ್ ಆಡಳಿತದ ಕೆಳಗೆ ಹೋಯಿತು. ಪರಿಣಾಮವಾಗಿ ಪುಂಗನೂರು ಜಮೀನ್ದಾರಿಯಾಗಿ ಉಳಿಯಿತು, ಅರಮನೆ ಎದ್ದಿತು, 1948ರ ಮದ್ರಾಸ್ ಎಸ್ಟೇಟ್ ರದ್ದತಿ ಕಾನೂನು ಬರುವವರೆಗೆ ನಡೆಯಿತು. ಅದೇ ಕಲ್ಲು ಬೆಟ್ಟ, ಅದೇ ಕೆರೆ ಬೇಸಾಯ, ಅದೇ ರಾಗಿ ಮತ್ತು ನೆಲಗಡಲೆ. ಆಳುವವರು ಯಾವ ಪದ್ಧತಿ ಆರಿಸಿಕೊಂಡರು ಎಂಬುದೊಂದೇ ಬೇರೆ. ಮೈಸೂರಿನ ಬದಿಗೆ ದೊಡ್ಡಮನೆ ಇಲ್ಲವಾಯಿತು, ಆಚೆ ಬದಿಗೆ ಉಳಿಯಿತು.

ಇಷ್ಟಕ್ಕೆ ನಿಲ್ಲಿಸಿದರೆ ಮೈಸೂರಿನಲ್ಲಿ ಜಮೀನುದಾರರೇ ಇರಲಿಲ್ಲ, ರೈತವಾರಿಯಲ್ಲಿ ಎಲ್ಲರೂ ಸ್ವತಂತ್ರ ಹಿಡುವಳಿದಾರರು ಎಂಬ ನಮ್ಮ ಪಠ್ಯಪುಸ್ತಕದ ಸುಖದ ಕಥೆಗೆ ತಲುಪುತ್ತೇವೆ. ನನ್ನ ವಾದ ಅದಲ್ಲ. ಪಾಳೆಯಗಾರ ಹೋದ ಮೇಲೆ ಭೂಮಿಯ ಮೇಲಿನ ಅಧಿಕಾರ ಇಲ್ಲವಾಗಲಿಲ್ಲ, ಜಾಗ ಬದಲಿಸಿತು: ಕೋಟೆಯಿಂದ ಹೊರಟು ಕಡತದೊಳಗೆ ಕೂತಿತು. ಐರ್ಲೆಂಡಿನಲ್ಲಿ ಅಧಿಕಾರದ ವಿಳಾಸ ಗೋಡೆಯ ಹಿಂದಿನ ಮನೆಯಾದರೆ, ಇಲ್ಲಿ ಅದು ಶಾನುಭೋಗರ ಮನೆಯ ಜಗಲಿಯಾಯಿತು, ಪಟೇಲರ ಚಾವಡಿಯಾಯಿತು, ಜೋಡಿದಾರರ ಸನ್ನದಾಯಿತು. ಬಿದ್ದ ಕೋಟೆ ಕಣ್ಣಿಗೆ ಕಾಣುತ್ತದೆ. ಕಡತದೊಳಗಿನ ಒಡೆತನ ಕಾಣದ್ದರಿಂದಲೇ ಅದರ ಇತಿಹಾಸವನ್ನು ನಾವು ಬರೆದಿಲ್ಲ.

ಮೊದಲು ಇನಾಮಿನ ವಿಚಾರ. ಹಳೆಯ ಮೈಸೂರಿನಲ್ಲಿ ಎಷ್ಟೋ ಹಳ್ಳಿಗಳು ಇಡಿಯಾಗಿ ಇನಾಮಿಗೆ ಹೋಗಿದ್ದವು: ದೇವಾಲಯಕ್ಕೆ ಬಿಟ್ಟ ದೇವಾದಾಯ, ಬ್ರಾಹ್ಮಣರಿಗೆ ಬಿಟ್ಟ ಬ್ರಹ್ಮಾದಾಯ, ಕಂದಾಯವೇ ಇಲ್ಲದ ಸರ್ವಮಾನ್ಯ, ಅಲ್ಪ ಕಂದಾಯ ಕಟ್ಟುವ ಜೋಡಿ ಗ್ರಾಮ, ನಿಗದಿ ಮೊತ್ತದ ಕಾಯಂಗುತ್ತ. 1863ರಲ್ಲಿ ಶುರುವಾದ ಸರ್ವೆಯ ಲಾಭ ಸರ್ಕಾರಿ ಗ್ರಾಮದ ರೈತನಿಗೆ ಸಿಕ್ಕಿತು. ಅವನ ಹೊಲಕ್ಕೆ ನಂಬರು ಬಂತು, ಕಂದಾಯ ಮೂವತ್ತು ವರ್ಷಕ್ಕೆ ಗೊತ್ತಾಯಿತು. ಜೋಡಿ ಗ್ರಾಮದ ಒಕ್ಕಲಿಗೆ ಆ ನೆಮ್ಮದಿ ಇರಲಿಲ್ಲ. ಅವನ ಮತ್ತು ಸರ್ಕಾರದ ನಡುವೆ ಜೋಡಿದಾರ ನಿಂತಿದ್ದ. ವಾರವೋ ಗುತ್ತಿಗೆಯೋ, ಕಣದಲ್ಲಿ ರಾಶಿ ಅಳೆಯುವಾಗ ಯಾರ ಕೊಳಗ ಎಂಬುದೇ ದೊಡ್ಡ ಪ್ರಶ್ನೆ. ಜೋಡಿದಾರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೌಕರಿಯಲ್ಲಿದ್ದು ಸುಗ್ಗಿಗೆ ಮಾತ್ರ ಬರುವುದೂ ಇತ್ತು. ಲಂಡನ್ನಿನಲ್ಲಿದ್ದ ಐರಿಷ್ ಒಡೆಯನಿಗೂ ಇವನಿಗೂ ಇರುವ ಅಂತರ ಪ್ರಮಾಣದ್ದು. ಸಂಬಂಧದ ರೀತಿ ಒಂದೇ.

ಆದರೆ ಪ್ರಮಾಣದ ಅಂತರವನ್ನು ಹಗುರವಾಗಿ ಕಾಣಲಾಗದು. ಇನಾಮುದಾರರಲ್ಲಿ ಬಹಳಷ್ಟು ಜನ ಬಡವರೇ ಆಗಿದ್ದರು. ಅಗ್ರಹಾರವೊಂದು ಕೊಡುವಾಗಲೇ ಹಲವು ವೃತ್ತಿಗಳಾಗಿ ಹಂಚಿಹೋಗಿರುತ್ತಿತ್ತು. ಪ್ರತಿ ತಲೆಮಾರಿನಲ್ಲೂ ಗಂಡುಮಕ್ಕಳಿಗೆಲ್ಲ ಸಮಪಾಲು ಕೊಡುವ ನಮ್ಮ ಧರ್ಮಶಾಸ್ತ್ರದ ಪ್ರಕಾರ ಆ ವೃತ್ತಿ ಅರ್ಧವಾಗಿ, ಕಾಲಾಗಿ, ವೀಸವಾಗಿ ಒಡೆಯಿತು. ಐರ್ಲೆಂಡಿನಲ್ಲಿ ಶತ್ರುವಿನ ಮನೆ ಮುರಿಯಲು 1704ರಲ್ಲಿ ಆಯುಧವಾಗಿ ತಂದ ನಿಯಮವೇ ಇಲ್ಲಿ ಮೊದಲಿನಿಂದ ಮನೆಮನೆಯ ಸಹಜ ಕಟ್ಟಳೆಯಾಗಿತ್ತು. ಹಿರಿಯ ಮಗನಿಗೆ ಎಲ್ಲವನ್ನೂ ಬಿಟ್ಟು ಕಿರಿಯರನ್ನು ಸೈನ್ಯಕ್ಕೆ, ಚರ್ಚಿಗೆ, ಇಂಡಿಯಾಕ್ಕೆ ಕಳಿಸುವ ಮನೆತನ ಎಸ್ಟೇಟು ಉಳಿಸಿಕೊಳ್ಳುತ್ತದೆ. ವೆಲ್ಲೆಸ್ಲಿಗಳಲ್ಲಿ ಕಿರಿಯರಲ್ಲೊಬ್ಬನಾದ ಆರ್ಥರ್ ಶ್ರೀರಂಗಪಟ್ಟಣಕ್ಕೆ ಬಂದದ್ದರ ಹಿಂದೆಯೂ ಈ ಲೆಕ್ಕವೇ ಇದೆ. ಎಲ್ಲ ಮಕ್ಕಳಿಗೂ ಹಂಚುವ ಮನೆತನ ಎಸ್ಟೇಟನ್ನು ಕಳೆದುಕೊಳ್ಳುತ್ತದೆ, ಓದಿಗೂ ನೌಕರಿಗೂ ತಿರುಗುತ್ತದೆ. ಮುದ್ದೇನಹಳ್ಳಿಯನ್ನೇ ನೋಡಿ. ಈ ಸೀಮೆಯಲ್ಲಿ ಜನ ಹುಡುಕಿಕೊಂಡು ಬಂದು ನೋಡುವ ಮನೆ ಯಾವ ಪಾಳೆಯಗಾರನದೂ ಅಲ್ಲ. ಮೋಕ್ಷಗುಂಡಂನಿಂದ ವಲಸೆ ಬಂದ ಸಂಸ್ಕೃತ ಪಂಡಿತರ ಕುಟುಂಬದ ಸಾಧಾರಣ ಮನೆ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾದರು. ಅವರ ಅಧಿಕಾರ ಜಮೀನಿನಿಂದ ಬಂದದ್ದಲ್ಲ, ಓದಿನಿಂದ ಮತ್ತು ಹುದ್ದೆಯಿಂದ. ಮೈಸೂರಿನಲ್ಲಿ ದೊಡ್ಡವರಾಗುವ ದಾರಿ ಹೇಗೆ ಬದಲಾಗಿತ್ತು ಎಂಬುದಕ್ಕೆ ಆ ಮನೆಗಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇನ್ನು ಹಳ್ಳಿಯ ಹುದ್ದೆ. ಸರ್ಕಾರ ಎಷ್ಟೇ ನೇರವಾಗಿ ಕಂದಾಯ ತೆಗೆದುಕೊಂಡರೂ ಯಾವ ಹೊಲ ಯಾರದು, ಯಾರು ಉಳುತ್ತಿದ್ದಾರೆ, ಎಷ್ಟು ಬಾಕಿ ಎಂದು ಬರೆಯುವವನು ಶಾನುಭೋಗ. ಹುದ್ದೆ ವಂಶಪಾರಂಪರ್ಯ, ಲೆಕ್ಕ ಅವರ ಮನೆಯಲ್ಲಿ. ಹಳೆಯ ಕಾಲದ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆದಿಡುವ ಪುಸ್ತಕ. ನೂರಾರು ವರ್ಷ ಬಾಳುವಂಥದು, ಬೇಕೆಂದರೆ ಒರೆಸಿ ಮತ್ತೆ ಬರೆಯಲೂ ಬರುವಂಥದು. ಪ್ರಾಮಾಣಿಕ ಶಾನುಭೋಗರ ಕೈಯಲ್ಲಿ ಅದು ಊರಿನ ನೆನಪಿನ ಭಂಡಾರ. ಅಪ್ರಾಮಾಣಿಕರ ಕೈಯಲ್ಲಿ ಅಕ್ಷರ ಬಾರದ ಒಕ್ಕಲಿನ ಮೇಲೆ ಬಿದ್ದ ಬರೆ. ಪಾಳೆಯಗಾರನ ಕುದುರೆ ಸವಾರರಿಗೆ ಹೆದರುತ್ತಿದ್ದ ಹಳ್ಳಿ ಆಮೇಲೆ ಒಂದು ಸಾಲು ಬರಹಕ್ಕೆ ಹೆದರಬೇಕಾಯಿತು.

ಈ ಒಡೆತನ ಕೊನೆಗೊಂಡ ಬಗೆಯಲ್ಲೂ ಹೋಲಿಸಿ ಕಲಿಯಬೇಕಾದ್ದಿದೆ. ಐರ್ಲೆಂಡಿನಲ್ಲಿ 1879ರಲ್ಲಿ ಮೈಕೆಲ್ ಡೇವಿಟ್ ಮುಂದಾಳುತನದಲ್ಲಿ ಲ್ಯಾಂಡ್ ಲೀಗ್ ಹುಟ್ಟಿ, ಗೇಣಿದಾರರು ಒಗ್ಗಟ್ಟಾಗಿ ಗೇಣಿ ತಡೆದರು. 1881ರ ಕಾನೂನು ನ್ಯಾಯವಾದ ಗೇಣಿ, ಖಚಿತ ಹಿಡುವಳಿ, ಹಕ್ಕು ಮಾರುವ ಸ್ವಾತಂತ್ರ್ಯ ಕೊಟ್ಟಿತು. 1903ರ ವಿಂಡಮ್ ಕಾನೂನಿನಲ್ಲಿ ಸರ್ಕಾರವೇ ಪೂರ್ತಿ ಬೆಲೆಯನ್ನು ಸಾಲವಾಗಿ ಕೊಟ್ಟಿತು; ಉಳುವವನು ಅದನ್ನು ಅರವತ್ತೆಂಟೂವರೆ ವರ್ಷಗಳ ಕಂತಿನಲ್ಲಿ ತೀರಿಸಬೇಕು, ಮಾರುವ ಒಡೆಯನಿಗೆ ಮೇಲೆ ಶೇ 12 ಬೋನಸ್. ಬೇಡವೆಂದು ಕೂತಿದ್ದವರ ಎಸ್ಟೇಟುಗಳನ್ನು 1923ರ ಕಾನೂನು ಕಡ್ಡಾಯವಾಗಿ ಕೊಂಡಿತು. ಅಷ್ಟರೊಳಗೆ ಸ್ವಾತಂತ್ರ್ಯ ಯುದ್ಧ ಮತ್ತು ಅಂತರ್ಯುದ್ಧದಲ್ಲಿ 300ರ ಸಮೀಪದಷ್ಟು ದೊಡ್ಡಮನೆಗಳು ಬೆಂಕಿಗೆ ಹೋಗಿದ್ದವು. ನಮ್ಮಲ್ಲಿ ಬೆಂಕಿ ಬೀಳಲಿಲ್ಲ, ಕಾನೂನುಗಳು ಬಂದವು. ಮೈಸೂರು ಸರ್ಕಾರದ 1954ರ ಕಾಯಿದೆ ವೈಯಕ್ತಿಕ ಇನಾಮುಗಳನ್ನೂ 1955ರದು ಧಾರ್ಮಿಕ ಇನಾಮುಗಳನ್ನೂ ರದ್ದು ಮಾಡಿ, ಕದೀಮ್ ಒಕ್ಕಲು, ಶಾಶ್ವತ ಒಕ್ಕಲು ಎಂಬ ವರ್ಗಗಳ ಮೂಲಕ ಉಳುವವರನ್ನು ಅನುಭವದಾರರೆಂದು ನೋಂದಾಯಿಸಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರುವರಿಯಿಂದ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ, ತೋಟಿ ತಳವಾರಿಕೆಗಳನ್ನು ಮುಗಿಸಿತು. 1974ರ ಮಾರ್ಚ್ 1ರಂದು ಭೂ ಸುಧಾರಣಾ ಕಾಯಿದೆಗೆ ದೇವರಾಜ ಅರಸರು ತಂದ ತಿದ್ದುಪಡಿಯೊಂದಿಗೆ ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಭೂ ನ್ಯಾಯಮಂಡಳಿಗಳ ಮುಂದೆ ಉಳುವವನು ಫಾರಂ 7 ಸಲ್ಲಿಸಿದ. ರಾಜ್ಯದಲ್ಲಿ ಬಂದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಕರಾವಳಿ ಮಲೆನಾಡಿನ ಪಾಲೇ ಹೆಚ್ಚು.

ಆ ಮಂಡಳಿಗಳಲ್ಲಿ ಆರಂಭದಲ್ಲಿ ವಕೀಲರಿಗೆ ಜಾಗವಿರಲಿಲ್ಲ. ಬಡವನಿಗೆ ಅದು ದೊಡ್ಡ ಅನುಕೂಲ. ಆದರೂ ತೀರ್ಪು ಹೆಚ್ಚಾಗಿ ನಿಂತದ್ದು ಪಹಣಿಯ 12(2)ನೇ ಕಲಂನಲ್ಲಿ, ಅಂದರೆ ಉಳುವವನ ಹೆಸರು ಬರೆಯುವ ಕಲಂನಲ್ಲಿ, ಯಾರ ಹೆಸರಿದೆ ಎಂಬುದರ ಮೇಲೆ. ಹೆಸರಿದ್ದವನು ನೆಲ ಪಡೆದ. ತಲೆಮಾರುಗಳಿಂದ ಉತ್ತರೂ ಆ ಕಲಂನಲ್ಲಿ ಹೆಸರು ಬಾರದವನು ನೆರೆಹೊರೆಯವರ ಬಾಯಿಮಾತನ್ನು ನಂಬಿ ನಿಲ್ಲಬೇಕಾಯಿತು. ಕೂಲಿಗೂ ಜೀತಕ್ಕೂ ದುಡಿದವನಿಗಂತೂ ಯಾವ ಕಲಂನಲ್ಲೂ ಜಾಗವಿರಲಿಲ್ಲ. ಜೀತ ರದ್ದಾಗುವ ಕಾನೂನು ಬಂದದ್ದೇ 1976ರಲ್ಲಿ. ಅಧಿಕಾರ ಕಡತದಲ್ಲಿ ಕೂತಿತ್ತು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಆಧಾರ ನನಗೆ ಕಾಣದು. ಸುಧಾರಣೆಯೂ ಕಡತದ ಬಾಗಿಲಿನಿಂದಲೇ ಒಳಬರಬೇಕಾಯಿತು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಐರ್ಲೆಂಡಿನ ಜಮೀನುದಾರಿಕೆ ಪರಕೀಯರದು, ಲಕ್ಷಾಂತರ ಜನರ ಸಾವನ್ನು ಕಂಡದ್ದು, ಅದರ ಪಕ್ಕದಲ್ಲಿ ನಮ್ಮ ಜೋಡಿದಾರರನ್ನು ಇಡುವುದು ಅತಿಯಾಯಿತು. ಹೋಲಿಕೆ ಸಮೀಕರಣವಲ್ಲ ಎಂಬುದು ನನ್ನ ಉತ್ತರ. ಇಲ್ಲಿನ ಒಡೆತನ ಸಣ್ಣದು, ಹಂಚಿಹೋದದ್ದು, ಹೆಚ್ಚಿನ ಹಳ್ಳಿಗಳಲ್ಲಿ ಸ್ವಂತ ಹಿಡುವಳಿಯ ರೈತರೇ ಬಹುಮಂದಿ. ಆದರೆ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೂ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು ಎಂಬುದನ್ನು ಮರೆಯಬಾರದು. ಐರ್ಲೆಂಡಿನಲ್ಲಿ ಸತ್ತವರು ಯಾವ ಎಸ್ಟೇಟಿನ, ಯಾವ ಊರಿನ ಗೇಣಿದಾರರು ಎಂದು ಹಲವೆಡೆ ಹೆಸರು ಹಿಡಿದು ಹೇಳಲು ಸಾಧ್ಯ. ನಮ್ಮ ಕೋಲಾರ ಸೀಮೆಯಲ್ಲಿ ಅಳಿದ ಸಂಸಾರಗಳ ಹೆಸರು ಹೇಳಲು ಬರುವುದಿಲ್ಲ. ಸಾವಿನ ಪ್ರಮಾಣ ಕಡಿಮೆ ಎಂಬ ಕಾರಣಕ್ಕೆ ಅಲ್ಲ, ಲೆಕ್ಕವನ್ನು ಕಾಪಾಡಲಿಲ್ಲ ಎಂಬ ಕಾರಣಕ್ಕೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಹಳೆಯ ಮನೆತನಗಳ ಇತಿಹಾಸ ಕೆದಕಿದರೆ ವಂಶದ ಜಂಬ, ಜಾತಿಯ ಜಂಬ ಮತ್ತೆ ಹೆಡೆಯೆತ್ತುತ್ತದೆ, ಮುಗಿದದ್ದು ಮುಗಿಯಲಿ. ಈ ಆತಂಕಕ್ಕೆ ಕಾರಣವಿದೆ, ಪಾಳೆಯಗಾರರ ಹೆಸರಿನಲ್ಲಿ ನಡೆಯುವ ಮೆರವಣಿಗೆಗಳನ್ನು ಕಂಡವರಿಗೆ ಅದು ಗೊತ್ತು. ಆದರೆ ಒಡೆಯರ ಕಾಗದಪತ್ರಗಳಲ್ಲಿ ಒಡೆಯರಷ್ಟೇ ಇರುವುದಿಲ್ಲ. ಐರ್ಲೆಂಡಿನ ರೋಸ್‌ಕಾಮನ್ ಕೌಂಟಿಯಲ್ಲಿ ಸ್ಟ್ರೋಕ್ಸ್‌ಟೌನ್ ಎಂಬ ಎಸ್ಟೇಟು ಇದೆ. ಬರದ ಕಾಲದಲ್ಲಿ ಅದರ ಒಡೆಯ ಡೆನಿಸ್ ಮಹನ್ ಸಾವಿರಕ್ಕೂ ಹೆಚ್ಚು ಗೇಣಿದಾರರನ್ನು ಕೆನಡಾಕ್ಕೆ ಸಾಗಹಾಕಿದ, ದಾರಿಯಲ್ಲಿ ಬಹಳ ಜನ ಸತ್ತರು. 1847ರ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. 1979ರಲ್ಲಿ ಎಸ್ಟೇಟು ಕೊಂಡ ಸ್ಥಳೀಯ ವ್ಯಾಪಾರಿಗೆ ಮನೆಯೊಳಗೆ ಹಳೆಯ ಕಾಗದಗಳ ರಾಶಿ ಸಿಕ್ಕಿತು. ಅದರಲ್ಲಿ ಗೇಣಿದಾರರ ಅಹವಾಲುಗಳಿದ್ದವು, ಹಸಿದ ಸಂಸಾರಗಳ ಮೊರೆಗಳಿದ್ದವು. 1994ರಲ್ಲಿ ಅಲ್ಲಿಯೇ ರಾಷ್ಟ್ರೀಯ ಕ್ಷಾಮ ವಸ್ತುಸಂಗ್ರಹಾಲಯ ತೆರೆಯಿತು. ದಬ್ಬಾಳಿಕೆ ನಡೆಸಿದ ಮನೆಯ ಕಾಗದವೇ ದಬ್ಬಾಳಿಕೆಗೆ ಒಳಗಾದವರ ಸಾಕ್ಷಿಯಾಯಿತು. ಜಂಬಕ್ಕೆ ಮದ್ದು ಮರೆವಲ್ಲ, ಪೂರ್ತಿ ಲೆಕ್ಕ. ಶಾನುಭೋಗರ ಪುಸ್ತಕದಲ್ಲಿ ಜೋಡಿದಾರನ ಹೆಸರಿನ ಕೆಳಗೇ ತೋಟಿಯ ಹೆಸರಿದೆ, ನೀರಗಂಟಿಯ ಹೆಸರಿದೆ, ಬಾಕಿ ಉಳಿಸಿಕೊಂಡು ಊರು ಬಿಟ್ಟವನ ಹೆಸರಿದೆ. ಅವರ ಇತಿಹಾಸಕ್ಕೆ ಇದಕ್ಕಿಂತ ಬೇರೆ ಆಕರ ಕಡಿಮೆ.

ಐರ್ಲೆಂಡಿನವರು ಈ ವಿಚಾರದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ್ದಾರೆಂದೂ ಅಲ್ಲ. 1922ರ ಜೂನ್ ಕೊನೆಯಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡ ಸ್ಫೋಟಗೊಂಡು ಹಲವು ಶತಮಾನಗಳ ಸರ್ಕಾರಿ ದಾಖಲೆ ಬೂದಿಯಾಯಿತು. ಬೇರೆಡೆ ಉಳಿದ ಪ್ರತಿಗಳಿಂದ ಅದನ್ನು ಮತ್ತೆ ಕಟ್ಟುವ ಕೆಲಸ ನೂರು ವರ್ಷದ ನಂತರವೂ ನಡೆಯುತ್ತಿದೆ. ಜಮೀನು ಹಂಚಿದ ಲ್ಯಾಂಡ್ ಕಮಿಷನ್ನಿನ ಕಡತಗಳು ಬಹುಕಾಲ ಸಂಶೋಧಕರಿಗೆ ಮುಚ್ಚಿದ ಬಾಗಿಲಾಗಿದ್ದವು. ಆದರೆ ಎಸ್ಟೇಟುಗಳ ಕಾಗದಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸಂಗ್ರಹಿಸಿ ಪಟ್ಟಿ ಮಾಡಿದೆ. ಮೇನೂತ್ ವಿಶ್ವವಿದ್ಯಾಲಯದಲ್ಲಿ ಐತಿಹಾಸಿಕ ಮನೆ ಮತ್ತು ಎಸ್ಟೇಟುಗಳ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳೂ ಜೋಡಿ ಗ್ರಾಮಗಳನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿದೆ.

ತಡಮಾಡುವ ಹೊತ್ತು ಇದಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಹತ್ತಿರವಾದಂದಿನಿಂದ ರೇಷ್ಮೆ, ದ್ರಾಕ್ಷಿ ಬೆಳೆವ ನೆಲ ಬಡಾವಣೆಯಾಗುತ್ತಿದೆ. ಭೂ ಸುಧಾರಣಾ ಕಾಯಿದೆಯ 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಬಿಟ್ಟಿತು. ಆವತಿಯವರ ಹಳೆಯ ಸೀಮೆಯಾದ ದೇವನಹಳ್ಳಿಯಲ್ಲೇ, ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2025ರ ಜುಲೈಯಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಜಮೀನು ಕೈಬದಲಾಯಿಸುವಾಗ ಹಳೆಯ ಕಾಗದದ ಬೆಲೆ ಮಾರಾಟಕ್ಕೆ ಬೇಕಾದಷ್ಟೇ ಆಗುತ್ತದೆ. ಉಳಿದದ್ದು ರದ್ದಿಗೆ ಹೋಗುತ್ತದೆ. 2000ದ ಸುಮಾರಿಗೆ ಬಂದ ಭೂಮಿ ತಂತ್ರಾಂಶ ಪಹಣಿಯನ್ನು ಕಂಪ್ಯೂಟರಿಗೆ ತಂದಿತು, ಅದು ಇಂದಿನ ಒಡೆಯನನ್ನು ತೋರಿಸಿತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇದು ಸ್ವಾಗತಾರ್ಹ, ಆದರೆ ಸರ್ವೆ ನಂಬರು ಕೊಟ್ಟರೆ ಮಾತ್ರ ತೆರೆಯುವ ಕಡತ ಇತಿಹಾಸಕ್ಕೆ ಅರ್ಧ ಉಪಯೋಗ. ಇನಾಂ ರದ್ದತಿಯ ಪ್ರಕರಣಗಳು, ಭೂ ನ್ಯಾಯಮಂಡಳಿಯ ಫಾರಂ 7 ಕಡತಗಳು, ತೋಟಿ ನೀರಗಂಟಿಗಳ ಇನಾಮ್ತಿ ಪಟ್ಟಿಗಳು ಉಳುವವರ ಹೆಸರಿನಿಂದಲೂ ಹುಡುಕಲು ಬರುವಂತೆ ಪಟ್ಟಿಯಾಗಬೇಕು, ನಿರ್ದಿಷ್ಟ ಅವಧಿ ದಾಟಿದವು ಸಾರ್ವಜನಿಕರಿಗೆ ತೆರೆಯಬೇಕು. ಅಟ್ಟದ ಮೇಲೆ ಕಡತ, ಸನ್ನದು, ವಾರದ ಲೆಕ್ಕ ಇಟ್ಟುಕೊಂಡಿರುವ ಹಳೆಯ ಶಾನುಭೋಗ, ಪಟೇಲ, ಜೋಡಿದಾರ ಮನೆಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಮನೆ ಕೆಡವಿ ಕಟ್ಟುವ ಮುನ್ನ ಆ ಗಂಟನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ, ಕನಿಷ್ಠ ಅದರ ಚಿತ್ರ ತೆಗೆಯಲು ಅವಕಾಶ ಕೊಡಿ.